ವಿಶ್ವವಿದ್ಯಾಲಯದ ಗಣಿತ ಟ್ಯೂಟರಿಂಗ್ ಕೇಂದ್ರ: ನಡೆಸುವುದು ಹೇಗೆ, ಅಳೆಯುವುದು ಹೇಗೆ

ವರ್ಷದ ಕೊನೆಗೆ ಡೀನ್ ಕರೆದು ಕೇಳುತ್ತಾರೆ: ‘ಈ ಕೇಂದ್ರದಿಂದ ಏನಾದರೂ ಉಪಯೋಗ ಆಗಿದೆಯಾ?’ ವಿದ್ಯಾರ್ಥಿಗಳು ಗಣಿತದ ಪ್ರಶ್ನೆ ಹಿಡಿದು ತಾವಾಗಿ ಬಂದು ವಿದ್ಯಾರ್ಥಿ ಟ್ಯೂಟರ್‌ಗಳ ನೆರವು ಪಡೆಯುವ ಇಂಥ ಕೇಂದ್ರ ನಡೆಸಿದವರ ಹತ್ತಿರ ಇರುವುದು ಒಂದೇ ಅಂಕಿ, ಒಟ್ಟು ಎಷ್ಟು ಭೇಟಿ ಆಯಿತು ಎಂಬುದು. ಬಂದವರು ಯಾವ ಕೋರ್ಸಿನವರು, ಇಪ್ಪತ್ತು ಮಂದಿ ಒಂದೊಂದು ಸಲ ಬಂದರೋ ಒಬ್ಬನೇ ಇಪ್ಪತ್ತು ಸಲ ಬಂದನೋ, ಬಂದವರಲ್ಲಿ ಪಾಸಾದವರು ಎಷ್ಟು, ಯಾವುದಕ್ಕೂ ಉತ್ತರವಿಲ್ಲ.

ನಾನೂ ಹೀಗೆ ಡೀನ್ ಎದುರು ಬಾಯಿ ಕಟ್ಟಿ ನಿಂತವನೇ. ಆಮೇಲೆ ಸಲಹೆ ಕೇಳಿಕೊಂಡು ಬಂದವರೆಲ್ಲ ಹೇಳಿದ್ದೂ ಹೆಚ್ಚುಕಡಿಮೆ ಇದೇ ಕಥೆ. ಮೊದಲು ಬಾಗಿಲು ತೆರೆಯುತ್ತಾರೆ, ಆಮೇಲೆ ಟ್ಯೂಟರ್‌ಗಳನ್ನು ಹುಡುಕುತ್ತಾರೆ, ಅಳತೆಯ ಯೋಚನೆ ವರದಿ ಕೊಡಬೇಕಾದ ವಾರ ಬರುತ್ತದೆ. ಅಷ್ಟು ಹೊತ್ತಿಗೆ ಬೇಕಾದ ಮಾಹಿತಿ ಕೈ ಜಾರಿ ಹೋಗಿರುತ್ತದೆ. ಕೆಳಗಿನ ಹಂತಗಳಲ್ಲಿ ದಾಖಲೆಯ ಕೆಲಸ ಕುರ್ಚಿ ಮೇಜಿಗಿಂತ ಮೊದಲು ಬಂದಿರುವುದು ಅದಕ್ಕೇ.

## ಮೊದಲು ಕೂಡಿಸಿಕೊಳ್ಳಬೇಕಾದದ್ದು

ದೊಡ್ಡ ಸಾಫ್ಟ್‌ವೇರ್ ಬೇಡ. ಬಾಗಿಲ ಬಳಿ ಒಂದು ಕಂಪ್ಯೂಟರ್ ಅಥವಾ ಟ್ಯಾಬ್, ಅದರಲ್ಲಿ ಹಾಜರಿ ತುಂಬುವ ಒಂದು ಫಾರಂ, ಅದರ ಹಿಂದೆ ಒಂದು ಸ್ಪ್ರೆಡ್‌ಶೀಟ್. ಎಲ್ಲರಿಗೂ ಕಾಣುವ ಗೋಡೆ ಗಡಿಯಾರ. ಬಿಳಿ ಹಲಗೆಗಳು, ಸಾಧ್ಯವಾದರೆ ಮೇಜಿಗೊಂದರಂತೆ. ನೀವು ನೆರವು ಕೊಡುವ ಪ್ರತಿ ಕೋರ್ಸಿನ ಪಠ್ಯಕ್ರಮ, ಪಠ್ಯಪುಸ್ತಕ, ಈ ವಾರದ ಹೋಮ್‌ವರ್ಕ್. ಕೊನೆಯದು ಇಲ್ಲದಿದ್ದರೆ ಟ್ಯೂಟರ್ ಪ್ರತಿ ಸಲವೂ ಲೆಕ್ಕವನ್ನು ಮೊದಲ ಬಾರಿಗೆ ನೋಡುತ್ತಿರುತ್ತಾನೆ.

ಇವೆಲ್ಲಕ್ಕಿಂತ ತಡವಾಗಿ ಸಿಗುವ ವಸ್ತು ಒಂದಿದೆ: ಅಂಕಗಳನ್ನು ನೋಡಲು ಲಿಖಿತ ಅನುಮತಿ. ಪರೀಕ್ಷಾ ವಿಭಾಗಕ್ಕೆ ಇವತ್ತೇ ಪತ್ರ ಬರೆಯಿರಿ. ವಿದ್ಯಾರ್ಥಿ ದಾಖಲೆಗಳ ಗೋಪ್ಯತೆಗೆ ಅಮೆರಿಕದಲ್ಲಿ 1974ರ ಫೆರ್ಪಾ ಕಾಯ್ದೆ ಇದೆ, ಯುರೋಪಿನಲ್ಲಿ 2018ರಿಂದ ವೈಯಕ್ತಿಕ ಮಾಹಿತಿ ರಕ್ಷಣೆಯ ಜಿಡಿಪಿಆರ್ ನಿಯಮ ಜಾರಿಯಲ್ಲಿದೆ. ನಿಮ್ಮಲ್ಲಿ ಯಾವ ನಿಯಮ ಅನ್ವಯಿಸುತ್ತದೋ ಅದನ್ನು ಪತ್ರದಲ್ಲೇ ನಮೂದಿಸಿ. ಸೆಮಿಸ್ಟರ್ ಮುಗಿದ ಮೇಲೆ ಕೇಳಿದರೆ ಸಿಗುವ ಉತ್ತರ, ‘ವಿದ್ಯಾರ್ಥಿಗಳ ಒಪ್ಪಿಗೆ ಎಲ್ಲಿ?’

## ಹಂತ 1: ಏನು ಮಾಡುವುದಿಲ್ಲ ಎಂದು ಬರೆದಿಡಿ

ಯಾವ ಯಾವ ಕೋರ್ಸಿಗೆ ನೆರವು ಕೊಡುತ್ತೀರಿ ಎಂಬ ಪಟ್ಟಿ ಎಲ್ಲರೂ ಮಾಡುತ್ತಾರೆ. ಜಗಳ ಹುಟ್ಟುವುದು ಪಟ್ಟಿಯಲ್ಲಿ ಇಲ್ಲದ್ದರಿಂದ. ಅಂಕ ಬೀಳುವ ಅಸೈನ್‌ಮೆಂಟ್‌ಗೆ ಸಹಾಯ ಮಾಡಬಹುದೇ? ಮನೆಗೆ ಕೊಟ್ಟ ಪರೀಕ್ಷೆಗೆ? ಆನ್‌ಲೈನ್ ಕ್ವಿಜ್ ತೆರೆದಿಟ್ಟುಕೊಂಡು ಬಂದವನನ್ನು ಏನು ಮಾಡಬೇಕು? ಪಾಠ ಮಾಡುವ ಒಬ್ಬೊಬ್ಬ ಅಧ್ಯಾಪಕರನ್ನೂ ಕಂಡು ಕೇಳಿ, ಅವರು ಹೇಳಿದ್ದನ್ನು ಕೋರ್ಸಿಗೊಂದು ಸಾಲಿನಂತೆ ಬರೆದು ಗೋಡೆಗೆ ಅಂಟಿಸಿ.

ಮೊದಲ ವರ್ಷ ಮೂರು ನಾಲ್ಕು ಕೋರ್ಸ್ ಸಾಕು: ಹೆಚ್ಚು ಮಂದಿ ಸೇರುವ, ಹೆಚ್ಚು ಮಂದಿ ಫೇಲಾಗುವ ಅಥವಾ ಅರ್ಧಕ್ಕೆ ಬಿಡುವ ಕೋರ್ಸ್‌ಗಳು. ಸಾಮಾನ್ಯವಾಗಿ ಅವು ಮೊದಲ ಕ್ಯಾಲ್ಕುಲಸ್, ಅದಕ್ಕೆ ಮುಂಚಿನ ಬೀಜಗಣಿತ, ಗಣಿತೇತರ ವಿಭಾಗದವರ ಸಂಖ್ಯಾಶಾಸ್ತ್ರ. ‘ಗಣಿತದ ಯಾವ ಪ್ರಶ್ನೆಗೂ ಬನ್ನಿ’ ಎಂದು ಫಲಕ ಹಾಕಿದರೆ ಎಂ.ಎಸ್ಸಿ. ವಿದ್ಯಾರ್ಥಿಯೊಬ್ಬ ಟೊಪಾಲಜಿ ಹಿಡಿದು ಬರುತ್ತಾನೆ. ಎರಡನೇ ವರ್ಷದ ಟ್ಯೂಟರ್ ಅವನೆದುರು ಅರ್ಧ ಗಂಟೆ ಬೆವರುವಾಗ ಕ್ಯಾಲ್ಕುಲಸ್‌ನ ಆರು ಮಂದಿ ಎದ್ದು ಹೋಗಿರುತ್ತಾರೆ.

ಎಚ್ಚರಿಕೆಯ ಗುರುತು: ಅಧ್ಯಾಪಕರು ‘ನಿಮ್ಮ ಟ್ಯೂಟರ್‌ಗಳು ನನ್ನ ಅಸೈನ್‌ಮೆಂಟ್ ಬಿಡಿಸಿಕೊಡ್ತಾರಂತೆ’ ಎಂದು ಕಾರಿಡಾರಿನಲ್ಲಿ ಹೇಳಿದರೆ ಅಂದೇ ಹೋಗಿ ಮಾತಾಡಿ. ಒಬ್ಬ ಅಧ್ಯಾಪಕರು ತರಗತಿಯಲ್ಲಿ ‘ಅಲ್ಲಿಗೆ ಹೋಗಬೇಡಿ’ ಎಂದರೆ ಆ ಸೆಮಿಸ್ಟರ್‌ನಲ್ಲಿ ಆ ಸೆಕ್ಷನ್ನಿನಿಂದ ಯಾರೂ ಬರುವುದಿಲ್ಲ.

## ಹಂತ 2: ಬಾಗಿಲು ತೆರೆಯುವ ಮೊದಲು ದಾಖಲೆ ಸಿದ್ಧಮಾಡಿ

ಫಾರಂನಲ್ಲಿ ಆರು ಖಾನೆ ಇರಲಿ: ವಿದ್ಯಾರ್ಥಿಯ ನೋಂದಣಿ ಸಂಖ್ಯೆ, ಕೋರ್ಸ್ ಮತ್ತು ಸೆಕ್ಷನ್, ಒಳಬಂದ ಸಮಯ, ಟ್ಯೂಟರ್ ಮೊದಲು ಮಾತಾಡಿಸಿದ ಸಮಯ, ಹೊರಹೋದ ಸಮಯ, ವಿಷಯ. ವಿಷಯಕ್ಕೆ ಆಯ್ಕೆಪಟ್ಟಿ ಕೊಡಿ. ಖಾಲಿ ಖಾನೆ ಬಿಟ್ಟರೆ ಎಲ್ಲರೂ ‘ಮ್ಯಾಥ್ಸ್’ ಎಂದು ಬರೆದು ಹೋಗುತ್ತಾರೆ.

ಹೆಸರಿನ ಬದಲು ನೋಂದಣಿ ಸಂಖ್ಯೆ ಏಕೆ? ಒಂದೇ ಹೆಸರನ್ನು ವಿದ್ಯಾರ್ಥಿಗಳು ಮೂರು ಥರ ಬರೆಯುತ್ತಾರೆ, ಒಮ್ಮೆ ಇನಿಷಿಯಲ್ ಮುಂದೆ, ಒಮ್ಮೆ ಹಿಂದೆ, ಒಮ್ಮೆ ಇಲ್ಲವೇ ಇಲ್ಲ. ಮೊದಲ ವರ್ಷ ನಾನು ಹೆಸರಿನ ರಿಜಿಸ್ಟರ್ ಇಟ್ಟಿದ್ದೆ. ಅದನ್ನು ಅಂಕಪಟ್ಟಿಯ ಜೊತೆ ತಾಳೆ ಹಾಕಲು ರಜೆಯ ಎರಡು ವಾರ ಹೋಯಿತು. ಕಾಲು ಭಾಗ ಕಡೆಗೂ ಹೊಂದಲೇ ಇಲ್ಲ.

ಮರೆತುಹೋಗುವ ಖಾನೆ ಹೊರಹೋದ ಸಮಯದ್ದು. ಬರುವಾಗ ತುಂಬುತ್ತಾರೆ, ಹೋಗುವಾಗ ಬ್ಯಾಗ್ ಹೆಗಲಿಗೇರಿಸಿ ನಡೆದುಬಿಡುತ್ತಾರೆ. ಆಮೇಲೆ ನೋಡಿದರೆ ಒಬ್ಬ ವಿದ್ಯಾರ್ಥಿ ಕೇಂದ್ರದಲ್ಲಿ ಸತತ 63 ಗಂಟೆ ಕೂತಿದ್ದ ಎಂದು ಸ್ಪ್ರೆಡ್‌ಶೀಟ್ ಹೇಳುತ್ತದೆ. ಬಾಗಿಲು ಹಾಕುವ ಟ್ಯೂಟರ್, ತೆರೆದೇ ಉಳಿದ ನಮೂದುಗಳನ್ನು ಪ್ರತಿದಿನ ‘ತಿಳಿಯದು’ ಎಂದು ಗುರುತಿಸಲಿ. ಅಂದಾಜಿನ ಸಮಯ ತುಂಬಬಾರದು.

ವಿದ್ಯಾರ್ಥಿ ಬಂದಾಗ ಅವನ ಗಣಿತ ಯಾವ ಮಟ್ಟದಲ್ಲಿತ್ತು ಎಂಬುದಕ್ಕೂ ಒಂದು ಅಳತೆ ಬೇಕು. ಪ್ರವೇಶ ಪರೀಕ್ಷೆಯ ಗಣಿತ ಅಂಕ ಇದ್ದರೆ ಅದೇ ಆದೀತು. ಇಲ್ಲದಿದ್ದರೆ ಮೊದಲ ವಾರದಲ್ಲಿ ಕೋರ್ಸಿನ ಎಲ್ಲರಿಗೂ, ಅಂದರೆ ಕೇಂದ್ರಕ್ಕೆ ಬರದವರಿಗೂ, ಇಪ್ಪತ್ತು ನಿಮಿಷದ ಒಂದು ಟೆಸ್ಟ್ ಕೊಡಲು ಅಧ್ಯಾಪಕರನ್ನು ಒಪ್ಪಿಸಿ. ಈ ಒಂದು ಕೆಲಸ ಬಿಟ್ಟರೆ ಹಂತ 6ರಲ್ಲಿ ನಿಮಗೆ ದಾರಿಯೇ ಇಲ್ಲ.

## ಹಂತ 3: ಎಷ್ಟು ಟ್ಯೂಟರ್ ಬೇಕು ಎಂದು ಲೆಕ್ಕ ಹಾಕಿ

ಗಣಿತದವರೇ ಇಲ್ಲಿ ಲೆಕ್ಕ ತಪ್ಪುತ್ತಾರೆ. ಗಂಟೆಗೆ 18 ಪ್ರಶ್ನೆ ಬರುತ್ತವೆ, ಒಂದೊಂದಕ್ಕೆ ಸರಾಸರಿ 10 ನಿಮಿಷ ಹಿಡಿಯುತ್ತದೆ ಎನ್ನಿ. ಗಂಟೆಗೆ 180 ನಿಮಿಷದ ಕೆಲಸ, ಮೂರು ಟ್ಯೂಟರ್ ಸಾಕು ಅನ್ನಿಸುತ್ತದೆ. ಸಾಲದು. ಜನ ಅಳೆದಿಟ್ಟ ಹಾಗೆ ಬರುವುದಿಲ್ಲ. ಹತ್ತು ನಿಮಿಷ ಯಾರೂ ಇರುವುದಿಲ್ಲ, ಆಮೇಲೆ ತರಗತಿ ಬಿಟ್ಟಾಗ ಏಳು ಮಂದಿ ಒಟ್ಟಿಗೆ ನುಗ್ಗುತ್ತಾರೆ. ಖಾಲಿ ಹೋದ ಹತ್ತು ನಿಮಿಷ ವಾಪಸ್ ಬರದು, ಹಾಗಾಗಿ ಮೂವರೇ ಇದ್ದರೆ ಸರತಿ ಬೆಳೆಯುತ್ತಲೇ ಹೋಗುತ್ತದೆ.

ಟೆಲಿಫೋನ್ ಲೈನುಗಳಿಗಾಗಿ ಡೆನ್ಮಾರ್ಕಿನ ಗಣಿತಜ್ಞ ಎರ್ಲಾಂಗ್ 1917ರಲ್ಲಿ ಕೊಟ್ಟ ಸೂತ್ರ ಇಲ್ಲಿಗೂ ಸಲ್ಲುತ್ತದೆ. ಮೇಲಿನ ಅಂಕಿಗಳನ್ನು ಹಾಕಿದರೆ, ನಾಲ್ವರು ಟ್ಯೂಟರ್ ಇದ್ದಾಗ ಬಂದವರಲ್ಲಿ ಅರ್ಧದಷ್ಟು ಮಂದಿ ಕಾಯಬೇಕು, ಸರಾಸರಿ ಕಾಯುವಿಕೆ ಸುಮಾರು 5 ನಿಮಿಷ. ಐವರಿದ್ದರೆ ಕಾಯುವವರು ಕಾಲು ಭಾಗಕ್ಕಿಂತ ಕಡಿಮೆ, ಸರಾಸರಿ 1 ನಿಮಿಷದ ಮೇಲೆ ಸ್ವಲ್ಪ. ಐದನೆಯವನು ‘ಸುಮ್ಮನೆ ಕೂತಿರುತ್ತಾನೆ’ ಎಂದು ಹಣಕಾಸು ವಿಭಾಗ ಆಕ್ಷೇಪಿಸಿದಾಗ ಈ ಎರಡು ಸಾಲು ತೋರಿಸಿ. ಟೆಸ್ಟ್ ಹಿಂದಿನ ದಿನ ಮಾತ್ರ ಸೂತ್ರವನ್ನೂ ನಂಬಬೇಡಿ, ಅಂದು ಎಲ್ಲರೂ ಒಂದೇ ಹೊತ್ತಿಗೆ ಬರುತ್ತಾರೆ.

ಎರಡು ವಾರದ ದಾಖಲೆ ಸಿಕ್ಕ ಮೇಲೆ ಗಂಟೆವಾರು ಎಣಿಸಿ ವೇಳಾಪಟ್ಟಿ ತಿದ್ದಿ. ಮೇಜುಗಳನ್ನು ಕೋರ್ಸ್‌ವಾರು ಹಾಕಿದರೆ ಒಂದೇ ಲೆಕ್ಕಕ್ಕೆ ಸಿಕ್ಕಿಬಿದ್ದ ಮೂವರು ಪರಸ್ಪರ ಮಾತಾಡಿಕೊಂಡು ಎಷ್ಟೋ ಸಲ ಟ್ಯೂಟರ್ ಬರುವ ಮೊದಲೇ ಬಿಡಿಸಿರುತ್ತಾರೆ. ಕೈ ಎತ್ತಿಕೊಂಡು ಕೂರಲು ನಾಚುವವರಿಗಾಗಿ ಮೇಜಿನ ಮೇಲೆ ಕೆಂಪು ಹಸಿರು ಕಾರ್ಡ್ ಇಡಿ. ಕೆಂಪು ಮೇಲಿದ್ದರೆ ಪ್ರಶ್ನೆ ಇದೆ ಎಂದರ್ಥ.

## ಹಂತ 4: ಟ್ಯೂಟರ್‌ಗಳ ಆಯ್ಕೆ ಮತ್ತು ತರಬೇತಿ

ರ‍್ಯಾಂಕ್ ಬಂದವರನ್ನೇ ಆರಿಸುವುದು ಎಲ್ಲರೂ ಮಾಡುವ ತಪ್ಪು. ವಿಷಯ ಗಟ್ಟಿ ಇರಬೇಕು, ನಿಜ. ಆದರೆ ಎಂದೂ ಎಡವದವನಿಗೆ ಇನ್ನೊಬ್ಬ ಎಲ್ಲಿ ಎಡವಿದ ಎಂದು ಕಾಣುವುದು ಕಷ್ಟ. ಆಯ್ಕೆಯ ದಿನ ಲೆಕ್ಕ ಬಿಡಿಸಲು ಹೇಳಬೇಡಿ. ತಪ್ಪಾಗಿ ಬಿಡಿಸಿದ ಒಂದು ಹಾಳೆ ಕೊಟ್ಟು ‘ಇವನು ಏನೆಂದುಕೊಂಡು ಹೀಗೆ ಬರೆದಿರಬಹುದು?’ ಎಂದು ಕೇಳಿ. ಉದಾಹರಣೆಗೆ √(9+16) = 3+4 = 7. ‘ಉತ್ತರ ತಪ್ಪು, 5 ಆಗಬೇಕು’ ಎಂದಷ್ಟೇ ಹೇಳುವವರು ಒಂದು ಬಗೆ. ‘ವರ್ಗಮೂಲವನ್ನು ಕೂಡಿಸುವಿಕೆಯ ಮೇಲೆ ಹಂಚಿದ್ದಾನೆ, ಗುಣಾಕಾರಕ್ಕೆ ಹಾಗೆ ಮಾಡಬಹುದಲ್ಲ, ಅದೇ ನೆನಪು ಇಲ್ಲಿ ಬಂದಿದೆ’ ಎನ್ನುವವರು ಇನ್ನೊಂದು ಬಗೆ. ನಿಮಗೆ ಬೇಕಾದವರು ಎರಡನೆಯವರು.

ತರಬೇತಿ ಎಷ್ಟು ಹೊತ್ತು? ಟ್ಯೂಟರ್ ತರಬೇತಿ ಕಾರ್ಯಕ್ರಮಗಳಿಗೆ ಮಾನ್ಯತೆ ಕೊಡುವ ಅಮೆರಿಕದ ಕಾಲೇಜ್ ರೀಡಿಂಗ್ ಅಂಡ್ ಲರ್ನಿಂಗ್ ಅಸೋಸಿಯೇಷನ್ ಮೊದಲ ಹಂತಕ್ಕೆ ಕನಿಷ್ಠ 10 ಗಂಟೆ ತರಬೇತಿ, 25 ಗಂಟೆ ನಿಜವಾದ ಟ್ಯೂಟರಿಂಗ್ ಕೇಳುತ್ತದೆ. ಆ ಹತ್ತು ಗಂಟೆಯನ್ನು ಒಂದೇ ವಾರಾಂತ್ಯದಲ್ಲಿ ಸುರಿಯಬೇಡಿ. ನಾಲ್ಕು ಗಂಟೆ ಆರಂಭದಲ್ಲಿ, ಉಳಿದದ್ದು ವಾರಕ್ಕೆ ಅರ್ಧ ಗಂಟೆಯಂತೆ. ಕೆಲಸಕ್ಕಿಳಿದ ಮೇಲಷ್ಟೇ ಅವರಿಗೆ ಕೇಳಲು ಪ್ರಶ್ನೆಗಳಿರುತ್ತವೆ.

ತರಬೇತಿಯ ನಡುಗಂಬ ಒಂದೇ: ಪೆನ್ನು ವಿದ್ಯಾರ್ಥಿಯ ಕೈಯಲ್ಲೇ ಇರಬೇಕು. ನಾನು ಮತ್ತೆ ಮತ್ತೆ ಕಂಡ ದೃಶ್ಯ ಇದು. ಸೈನ್ ಒಳಗೆ ಎಕ್ಸ್ ವರ್ಗ ಇದೆ, ಅದರ ಡೆರಿವೇಟಿವ್ ಬೇಕು. ಹುಡುಗಿ ‘ಕೊಸೈನ್ ಎಕ್ಸ್ ವರ್ಗ’ ಎಂದು ಬರೆದು ನಿಲ್ಲಿಸಿದ್ದಾಳೆ. ಟ್ಯೂಟರ್ ಬಗ್ಗಿ, ‘ಓ, ಚೈನ್ ರೂಲ್ ಬಿಟ್ಟಿದ್ದೀಯ’ ಎಂದು ಅವಳ ಹಾಳೆಯ ಮೇಲೆಯೇ 2ಎಕ್ಸ್ ಬರೆಯುತ್ತಾನೆ. ‘ಅರ್ಥ ಆಯ್ತಾ?’ ‘ಹ್ಞೂಂ.’ ನಲವತ್ತು ಸೆಕೆಂಡಿನಲ್ಲಿ ಮುಗಿಯಿತು. ಮುಂದಿನ ಲೆಕ್ಕದಲ್ಲಿ ಅವಳು ಅದೇ ತಪ್ಪು ಮಾಡುತ್ತಾಳೆ, ಆದರೆ ಎರಡನೇ ಸಲ ಕೈ ಎತ್ತುವುದಿಲ್ಲ.

ಇದೇ ಲೆಕ್ಕವನ್ನು ಚೆನ್ನಾಗಿ ನಡೆಸಿದ ಟ್ಯೂಟರ್ ಒಬ್ಬಳು ಮಾಡಿದ್ದು ಹೀಗೆ. ಪಕ್ಕದ ಕುರ್ಚಿ ಎಳೆದುಕೊಂಡು ಕೂತಳು, ಎದುರಿಗಲ್ಲ. ‘ಇಲ್ಲಿ ಹೊರಗಿನ ಫಂಕ್ಷನ್ ಯಾವುದು, ಒಳಗಿನದು ಯಾವುದು, ಬೆರಳಿಟ್ಟು ತೋರಿಸು.’ ತೋರಿಸಿದಳು. ‘ನೀನು ಬರೆದದ್ದರಲ್ಲಿ ಯಾವುದರ ಡೆರಿವೇಟಿವ್ ಇದೆ?’ ‘ಹೊರಗಿಂದು.’ ಮೌನ. ಟ್ಯೂಟರ್ ಬಾಯಿ ತೆರೆಯಲಿಲ್ಲ. ಗೋಡೆ ಗಡಿಯಾರದಲ್ಲಿ ಹನ್ನೆರಡು ಸೆಕೆಂಡು ಹೋದವು. ‘ಒಳಗಿಂದು ಬಿಟ್ಟೆ...’ ಎಂದು ಹುಡುಗಿಯೇ 2ಎಕ್ಸ್ ಸೇರಿಸಿದಳು. ಕಡೆಗೆ ಟ್ಯೂಟರ್ ‘ಅರ್ಥ ಆಯ್ತಾ’ ಎಂದು ಕೇಳದೆ, ಸೈನ್ ಒಳಗೆ ಎಕ್ಸ್ ಘನ ಹಾಕಿ ‘ಇದನ್ನು ಮಾಡು, ನಾನು ಆ ಮೇಜಿಗೆ ಹೋಗಿ ಬರ್ತೀನಿ’ ಎಂದು ಎದ್ದಳು. ಒಟ್ಟು ನಾಲ್ಕು ನಿಮಿಷ.

ಆ ಹನ್ನೆರಡು ಸೆಕೆಂಡಿನ ಮೌನ ಹೊಸ ಟ್ಯೂಟರ್‌ಗಳಿಗೆ ಬಹಳ ಹಿಂಸೆ. ತರಬೇತಿಯಲ್ಲಿ ಜೋಡಿಯಾಗಿ ಕೂರಿಸಿ, ಪ್ರಶ್ನೆ ಕೇಳಿದ ಮೇಲೆ ಮನಸ್ಸಿನಲ್ಲೇ ಹತ್ತು ಎಣಿಸಿ ಸುಮ್ಮನಿರುವುದನ್ನು ಅಭ್ಯಾಸ ಮಾಡಿಸಿ. ನಗು ಬರುತ್ತದೆ, ಬರಲಿ. ‘ಅರ್ಥ ಆಯ್ತಾ’ ಎಂಬ ಮಾತನ್ನು ಕೇಂದ್ರದಲ್ಲಿ ನಿಷೇಧಿಸಿದರೂ ನಷ್ಟವಿಲ್ಲ, ಅದಕ್ಕೆ ‘ಇಲ್ಲ’ ಎಂದವರನ್ನು ನಾನು ಕಂಡಿಲ್ಲ. ‘ಇದು ಸುಲಭ’ ಎಂಬುದನ್ನಂತೂ ಖಂಡಿತ ನಿಷೇಧಿಸಿ.

ಟ್ಯೂಟರ್‌ಗೆ ಉತ್ತರ ಗೊತ್ತಿಲ್ಲದಿದ್ದರೆ? ‘ನನಗೂ ತಕ್ಷಣ ಹೊಳೀತಿಲ್ಲ, ಪುಸ್ತಕ ತೆಗೆಯೋಣ’ ಎನ್ನಲು ಹೇಳಿಕೊಡಿ. ಐದು ನಿಮಿಷದಲ್ಲಿ ದಾರಿ ಕಾಣದಿದ್ದರೆ ಇನ್ನೊಬ್ಬ ಟ್ಯೂಟರನ್ನು ಕರೆಯಲಿ.

ಎಚ್ಚರಿಕೆಯ ಗುರುತುಗಳು: ಮೇಜಿನ ಮೇಲಿನ ಹಾಳೆಯಲ್ಲಿ ಟ್ಯೂಟರ್‌ನ ಕೈಬರಹ ವಿದ್ಯಾರ್ಥಿಯದಕ್ಕಿಂತ ಹೆಚ್ಚಿರುವುದು. ಒಬ್ಬನೇ ಟ್ಯೂಟರಿಗಾಗಿ ಸರತಿ, ಉಳಿದವರು ಖಾಲಿ. ಇಂಥ ‘ಜನಪ್ರಿಯ’ ಟ್ಯೂಟರ್ ಬಹಳ ಚೆನ್ನಾಗಿ ಕಲಿಸುತ್ತಿರಬಹುದು, ಇಲ್ಲವೇ ಹೋಮ್‌ವರ್ಕ್ ಬರೆದುಕೊಡುತ್ತಿರಬಹುದು. ಹದಿನೈದು ನಿಮಿಷ ಹಿಂದಿನ ಮೇಜಿನಲ್ಲಿ ಕೂತರೆ ಯಾವುದೆಂದು ತಿಳಿಯುತ್ತದೆ.

## ಹಂತ 5: ವಾರದ ಕೆಲಸ

ವಾರಕ್ಕೊಂದು ದಿನ ಮೂರು ಅಂಕಿ ನೋಡಿ: ಕಾಯುವಿಕೆಯ ಮಧ್ಯಾಂಕ (ಕಾದ ಸಮಯಗಳನ್ನು ಏರಿಕೆಯ ಕ್ರಮದಲ್ಲಿಟ್ಟರೆ ನಡುವೆ ಬರುವುದು), ಹೊಸದಾಗಿ ಬಂದವರ ಸಂಖ್ಯೆ, ಹೆಚ್ಚು ಕೇಳಿದ ವಿಷಯ. ಕಾಯುವಿಕೆಗೆ ಸರಾಸರಿ ಬೇಡ, ನಲವತ್ತು ನಿಮಿಷ ಕಾದ ಒಬ್ಬನಿಂದ ಅದು ಕೆಡುತ್ತದೆ. ಆ ಒಬ್ಬನನ್ನು ಬೇರೆಯಾಗಿಯೇ ವಿಚಾರಿಸಿ.

ಒಂದೇ ವಿಷಯಕ್ಕೆ ಒಂದೇ ಸೆಕ್ಷನ್ನಿನಿಂದ ಹದಿನೈದು ಮಂದಿ ಬಂದಿದ್ದರೆ ಆ ಅಧ್ಯಾಪಕರಿಗೆ ತಿಳಿಸಿ. ಧಾಟಿ ಮುಖ್ಯ. ‘ನಿಮ್ಮ ಪಾಠ ಅವರಿಗೆ ಅರ್ಥವಾಗಿಲ್ಲ’ ಎಂದರೆ ಅದೇ ಕೊನೆಯ ಮಾತುಕತೆ. ‘ಈ ವಾರ ಭಾಗಶಃ ಸಮಾಕಲನಕ್ಕೆ (ಇಂಟಿಗ್ರೇಶನ್ ಬೈ ಪಾರ್ಟ್ಸ್) ಬಹಳ ಮಂದಿ ಬಂದರು, ಎಡವಿದ್ದು ಈ ಸಾಲಿನಲ್ಲಿ’ ಎಂದು ಒಂದು ಹಾಳೆ ಕಳಿಸಿದರೆ ಮುಂದಿನ ವಾರ ಅವರೇ ಕೇಳುತ್ತಾರೆ. ವಿದ್ಯಾರ್ಥಿಗಳ ಹೆಸರು ಎಂದೂ ಕೊಡಬೇಡಿ.

## ಹಂತ 6: ಮೌಲ್ಯಮಾಪನ

ಎಲ್ಲರೂ ಮೊದಲು ಮಾಡುವ ಲೆಕ್ಕ: ಬಂದವರಲ್ಲಿ ಪಾಸಾದವರು ಶೇಕಡಾ ಎಷ್ಟು, ಬರದವರಲ್ಲಿ ಎಷ್ಟು. ಈ ಹೋಲಿಕೆಯನ್ನು ವರದಿಯಲ್ಲಿ ಹಾಕಬೇಡಿ, ಫಲ ನಿಮ್ಮ ಪರವಾಗಿದ್ದರೂ ಸರಿ. ಕೇಂದ್ರಕ್ಕೆ ಬರುವವರು ತಾವಾಗಿ ಆರಿಸಿಕೊಂಡು ಬಂದವರು. ಮೊದಲೇ ಶ್ರದ್ಧೆ ಇದ್ದವರಿರಬಹುದು, ಆಗ ಕೇಂದ್ರ ಇರುವುದಕ್ಕಿಂತ ಚೆನ್ನಾಗಿ ಕಾಣುತ್ತದೆ. ಮೊದಲೇ ಹಿಂದುಳಿದವರಿರಬಹುದು, ಆಗ ಕೆಟ್ಟದಾಗಿ ಕಾಣುತ್ತದೆ.

ಕೈಯಾರೆ ಮಾಡಿ ನೋಡಲು ಕಟ್ಟಿದ ಒಂದು ಲೆಕ್ಕ ಇಲ್ಲಿದೆ. ಕೋರ್ಸಿನಲ್ಲಿ 200 ಮಂದಿ, 100 ಮಂದಿ ಬಂದರು, 100 ಮಂದಿ ಬರಲಿಲ್ಲ. ಬಂದವರಲ್ಲಿ 58 ಪಾಸು, ಬರದವರಲ್ಲಿ 76. ಕೇಂದ್ರ ಮುಚ್ಚಿಬಿಡೋಣ ಅನ್ನಿಸುತ್ತದೆ. ಈಗ ಮೊದಲ ವಾರದ ಟೆಸ್ಟಿನ ಪ್ರಕಾರ ಇಬ್ಭಾಗಿಸಿ. ಕಡಿಮೆ ಅಂಕದ ಗುಂಪಿನಲ್ಲಿ ಬಂದವರು 80, ಪಾಸಾದವರು 40, ಅಂದರೆ ಶೇ. 50. ಬರದವರು 20, ಪಾಸು 8, ಶೇ. 40. ಹೆಚ್ಚು ಅಂಕದ ಗುಂಪಿನಲ್ಲಿ ಬಂದವರು 20, ಪಾಸು 18, ಶೇ. 90. ಬರದವರು 80, ಪಾಸು 68, ಶೇ. 85. ಎರಡೂ ಗುಂಪಿನಲ್ಲಿ ಬಂದವರೇ ಮುಂದೆ, ಒಟ್ಟಿನಲ್ಲಿ ಹಿಂದೆ! ಸಿಂಪ್ಸನ್ನನ ವಿರೋಧಾಭಾಸ ಎಂದು ನೀವೇ ತರಗತಿಯಲ್ಲಿ ಪಾಠ ಮಾಡುವುದು ಇದನ್ನೇ. ಹಾಗೆಂದು ಕುಣಿಯಬೇಡಿ. ಮೊದಲ ಗುಂಪಿನ 10 ಶೇಕಡಾ ಅಂಶಗಳ ವ್ಯತ್ಯಾಸಕ್ಕೆ ಸ್ಟ್ಯಾಂಡರ್ಡ್ ಎರರ್ (ಆಕಸ್ಮಿಕವಾಗಿಯೇ ಆಗಬಹುದಾದ ಏರಿಳಿತದ ಅಳತೆ) ಸುಮಾರು 12, ಎರಡನೆಯದರ 5ಕ್ಕೆ ಸುಮಾರು 8. ಕೇಂದ್ರ ಹಾನಿ ಮಾಡುತ್ತಿದೆ ಎನ್ನಲು ಆಧಾರವಿಲ್ಲ, ನೆರವಾಗುತ್ತಿದೆ ಎನ್ನಲು ಈ ಅಂಕಿಗಳು ಸಾಲವು. ಎರಡು ಮೂರು ಸೆಮಿಸ್ಟರಿನ ದಾಖಲೆ ಕೂಡಿಸಬೇಕು.

ಕ್ರಮ ಹೀಗಿರಲಿ. ಮೊದಲು ಬಂದವರನ್ನೂ ಬರದವರನ್ನೂ ಆರಂಭದ ಅಂಕದ ಪ್ರಕಾರ ಗುಂಪು ಮಾಡಿ. ಆಮೇಲೆ ಭೇಟಿಯ ಎಣಿಕೆಯ ಪ್ರಕಾರ ವಿಂಗಡಿಸಿ: ಸೊನ್ನೆ, ಒಂದೆರಡು, ಮೂರರಿಂದ ಆರು, ಏಳು ಮತ್ತು ಅದಕ್ಕೆ ಮೇಲೆ. ಒಂದು ಸಲ ಇಣುಕಿ ಹೋದವನನ್ನೂ ವಾರವಾರ ಬಂದವನನ್ನೂ ‘ಬಂದವರು’ ಎಂದು ಒಂದೇ ಬುಟ್ಟಿಗೆ ಹಾಕಬಾರದು. ಕೊನೆಗೆ ರಿಗ್ರೆಶನ್, ಅಂದರೆ ಹಲವು ಅಂಶಗಳಲ್ಲಿ ಒಂದೊಂದರ ಪ್ರಭಾವವನ್ನು ಬೇರ್ಪಡಿಸಿ ನೋಡುವ ಲೆಕ್ಕ: ಅಂತಿಮ ಅಂಕ ಒಂದು ಕಡೆ, ಆರಂಭದ ಅಂಕ, ಭೇಟಿಗಳು, ಸೆಕ್ಷನ್ ಇನ್ನೊಂದು ಕಡೆ. ಒಬ್ಬ ಅಧ್ಯಾಪಕರು ಧಾರಾಳವಾಗಿ ಅಂಕ ಕೊಡುವವರಾದರೆ ಆ ಪುಣ್ಯ ಕೇಂದ್ರದ ಖಾತೆಗೆ ಬೀಳದಿರಲಿ ಎಂದೇ ಸೆಕ್ಷನ್ ಸೇರಿಸುವುದು.

ಎರಡು ಹೊಂಡಗಳಿವೆ, ಅನುಭವಿಗಳೂ ಬೀಳುತ್ತಾರೆ. ಮೊದಲ ಟೆಸ್ಟಿನಲ್ಲಿ ಕೆಟ್ಟ ಅಂಕ ಬಂದ ಮೇಲೆ ಓಡಿ ಬಂದವರು ಎರಡನೇ ಟೆಸ್ಟಿನಲ್ಲಿ ಸುಧಾರಿಸಿದರು ಎಂದು ಗ್ರಾಫ್ ಹಾಕುವುದು ಒಂದು. ಕೆಟ್ಟ ದಿನದ ಅಂಕ ಮುಂದಿನ ಸಲ ತಾನಾಗಿಯೇ ಸ್ವಲ್ಪ ಏರುತ್ತದೆ. ಅಷ್ಟೇ ಕಡಿಮೆ ಅಂಕ ತೆಗೆದೂ ಕೇಂದ್ರಕ್ಕೆ ಬರದವರು ಎಷ್ಟು ಏರಿದರು ಎಂದು ಪಕ್ಕದಲ್ಲಿಟ್ಟು ನೋಡಿ. ಎರಡನೆಯದು ಇನ್ನೂ ನುಣುಪು: ಐದನೇ ವಾರ ಕೋರ್ಸ್ ಬಿಟ್ಟವನಿಗೆ ಹತ್ತು ಸಲ ಬರಲು ಅವಕಾಶವೇ ಇರಲಿಲ್ಲ. ಹಾಗಾಗಿ ‘ಹೆಚ್ಚು ಸಲ ಬಂದವರು ಕೋರ್ಸ್ ಬಿಡುವುದಿಲ್ಲ’ ಎಂಬ ಫಲ ಯಾವ ಕೇಂದ್ರದಲ್ಲೂ, ಏನೂ ಕಲಿಸದ ಕೇಂದ್ರದಲ್ಲೂ, ಬಂದೇ ಬರುತ್ತದೆ. ಮದ್ದು ಸರಳ: ಮೊದಲ ಟೆಸ್ಟಿನವರೆಗಿನ ಭೇಟಿಗಳನ್ನು ಮಾತ್ರ ಎಣಿಸಿ, ಆ ದಿನ ಕೋರ್ಸಿನಲ್ಲಿದ್ದವರನ್ನು ಮಾತ್ರ ಮುಂದಕ್ಕೆ ಹಿಂಬಾಲಿಸಿ.

ಇದಕ್ಕಿಂತ ಗಟ್ಟಿ ಪುರಾವೆ ಬೇಕೆಂದರೆ, ಯಾರಿಗೂ ನೆರವು ನಿರಾಕರಿಸದೆ ಚೀಟಿ ಎತ್ತುವ ದಾರಿ ಇದೆ. ಕೋರ್ಸಿನ ಅರ್ಧದಷ್ಟು ವಿದ್ಯಾರ್ಥಿಗಳನ್ನು ಯಾದೃಚ್ಛಿಕವಾಗಿ ಆರಿಸಿ, ಅವರಿಗೆ ಮಾತ್ರ ಹೆಸರು ಹಿಡಿದು ಆಹ್ವಾನದ ಇಮೇಲ್ ಕಳಿಸಿ. ಬಾಗಿಲು ಎಲ್ಲರಿಗೂ ತೆರೆದೇ ಇರುತ್ತದೆ. ಕೊನೆಗೆ ಆಹ್ವಾನ ಹೋದವರ ಇಡೀ ಗುಂಪನ್ನು, ಬಂದವರು ಬರದವರು ಎನ್ನದೆ, ಆಹ್ವಾನ ಹೋಗದವರ ಇಡೀ ಗುಂಪಿನ ಜೊತೆ ಹೋಲಿಸಿ. ಆಹ್ವಾನದಿಂದ ಭೇಟಿಗಳು ಹೆಚ್ಚಿದರೆ ಮಾತ್ರ ಇದು ಏನಾದರೂ ಹೇಳುತ್ತದೆ. ಪ್ರಯೋಗಕ್ಕೆ ಮೊದಲು ಸಂಸ್ಥೆಯ ನೈತಿಕ ಸಮಿತಿಯ ಒಪ್ಪಿಗೆ ಪಡೆಯಿರಿ.

ಬಂದವರಿಗೆ ಫೀಡ್‌ಬ್ಯಾಕ್ ಫಾರಂ ಕೊಟ್ಟರೆ ಎಲ್ಲರೂ ಐದಕ್ಕೆ ಐದು ಕೊಡುತ್ತಾರೆ. ಬರದವರನ್ನು ಕೇಳಿ. ತರಗತಿಯಲ್ಲಿ ಐದು ನಿಮಿಷ ಬೇಡಿ ಒಂದೇ ಪ್ರಶ್ನೆ ಹಂಚಿ: ‘ಯಾಕೆ ಬರಲಿಲ್ಲ?’ ನನಗೆ ಒಂದು ವರ್ಷ ಸಿಕ್ಕ ಉತ್ತರಗಳಲ್ಲಿ ಹೆಚ್ಚಿನವು ‘ಅಗತ್ಯ ಬೀಳಲಿಲ್ಲ’ ಎಂದಿರಬಹುದೆಂದು ನಾನು ಅಂದುಕೊಂಡಿದ್ದೆ. ಇದ್ದದ್ದು ‘ನಾನು ಖಾಲಿ ಇರುವ ಹೊತ್ತಿಗೆ ನೀವು ಮುಚ್ಚಿರುತ್ತೀರಿ’ ಮತ್ತು ‘ಏನು ಕೇಳಬೇಕು ಅಂತಲೇ ಗೊತ್ತಿಲ್ಲ’. ಮೊದಲನೆಯದಕ್ಕೆ ವೇಳೆ ಬದಲಿಸಿದೆವು. ಎರಡನೆಯದಕ್ಕಾಗಿ ಬಾಗಿಲಿಗೆ ‘ಪ್ರಶ್ನೆ ಇಲ್ಲದಿದ್ದರೂ ಬನ್ನಿ, ಹೋಮ್‌ವರ್ಕ್ ಇಲ್ಲೇ ಕೂತು ಮಾಡಿ’ ಎಂದು ಬರೆದೆವು.

## ಹಂತ 7: ವರದಿ

ಎರಡು ಪುಟ ಮೀರದಿರಲಿ. ಮೊದಲ ಪುಟದಲ್ಲಿ ಬಳಕೆ: ಬೇರೆ ಬೇರೆ ವಿದ್ಯಾರ್ಥಿಗಳು ಎಷ್ಟು, ಅದು ಕೋರ್ಸಿಗೆ ಸೇರಿದವರಲ್ಲಿ ಶೇಕಡಾ ಎಷ್ಟು, ಭೇಟಿಗಳು ಎಷ್ಟು, ಕಾಯುವಿಕೆ ಎಷ್ಟು. ಎರಡನೇ ಪುಟದಲ್ಲಿ ಪರಿಣಾಮ, ಗುಂಪುವಾರು, ಅನಿಶ್ಚಿತತೆಯ ಅಂತರದ ಸಮೇತ. ಹತ್ತು ಜನಕ್ಕಿಂತ ಕಡಿಮೆ ಇರುವ ಗುಂಪಿನ ಅಂಕಿ ಪ್ರಕಟಿಸಬೇಡಿ, ಯಾರು ಯಾರೆಂದು ಸಹಪಾಠಿಗಳು ಊಹಿಸಿಬಿಡುತ್ತಾರೆ.

ಪರಿಣಾಮ ಕಾಣಲಿಲ್ಲ ಎಂದಾದರೆ ಹಾಗೆಯೇ ಬರೆಯಿರಿ, ಜೊತೆಗೆ ಎಷ್ಟು ದೊಡ್ಡ ಪರಿಣಾಮವಿದ್ದರೆ ನಿಮ್ಮ ಅಂಕಿಗಳಲ್ಲಿ ಕಾಣುತ್ತಿತ್ತು ಎಂಬುದನ್ನೂ. ಸಣ್ಣ ಕೋರ್ಸಿನಲ್ಲಿ ಆ ಮಿತಿ ಬಹಳ ಮೇಲಿರುತ್ತದೆ, ಡೀನ್‌ಗೆ ಅದು ಗೊತ್ತಿರುವುದಿಲ್ಲ. ಇನ್ನು ಮುಂದಿನ ಸೆಮಿಸ್ಟರಿಗೆ ಫಾರಂ ತಿದ್ದಬೇಕು ಅನ್ನಿಸಿದರೆ ಹೊಸ ಖಾನೆ ಸೇರಿಸಿ, ಹಳೆಯ ಖಾನೆಯ ಅರ್ಥ ಬದಲಿಸಬೇಡಿ. ವಿಷಯಗಳ ಆಯ್ಕೆಪಟ್ಟಿಯನ್ನು ನಾನು ಒಮ್ಮೆ ಅಂದಗಾಣಿಸಲು ಹೋಗಿ ಹಿಂದಿನ ಎರಡು ವರ್ಷದ ದಾಖಲೆಯ ಜೊತೆ ಹೋಲಿಕೆಯನ್ನೇ ಕಳೆದುಕೊಂಡೆ.